ಹನ್ನೆರಡು ಕಾಲುಪಟ್ಟಿ

"ಎತ್ತಬೇಡಿ, ಓರೆ ಮಾಡಿ," ಎಂದರು ಎದುರಂಗಡಿಯ ಗಡಿಯಾರ ರಿಪೇರಿಯವರು. ಅಷ್ಟರಲ್ಲಿ ಮೇಜಿನ ಹಿಂಗಾಲು ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತ್ತು. ನಾಲ್ಕು ಜನ ಹಿಡಿದಿದ್ದರೂ ಅದು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ.

ಸತ್ತವರು ಒಳಕೋಣೆಯಲ್ಲಿದ್ದರು. ಶವದ ಪೆಟ್ಟಿಗೆ ಬೀದಿಗೆ ಬರಬೇಕಾದರೆ ಅಂಗಡಿಯನ್ನು ದಾಟಬೇಕು, ಅಂಗಡಿಯ ಮುಕ್ಕಾಲು ಪಾಲು ಈ ಮೇಜೇ. ಐವತ್ತು ವರ್ಷದ ಹಿಂದೆ ಬಡಗಿಯೊಬ್ಬ ಅದನ್ನು ಒಳಗೇ ಕೂತು ಮಾಡಿಕೊಟ್ಟಿದ್ದ. ಆಮೇಲೆ ಅದು ಹೊಸಿಲು ದಾಟಿದ್ದಿಲ್ಲ.

"ಬದುಕಿದ್ದಾಗಲೂ ಇದೇ ಕತೆ," ಎಂದರು ಗಡಿಯಾರದವರು, ಬೆವರು ಒರೆಸಿಕೊಳ್ಳುತ್ತ. "ಒಂದು ಗಳಿಗೆ ಹೊರಗೆ ಬಾರಯ್ಯ ಅಂದ್ರೆ, ಮೇಜು ಬಿಡ್ತಿಲ್ಲ ಅನ್ನೋನು. ನೆಪ ಹೇಳ್ತಾನೆ ಅಂದ್ಕೊಂಡಿದ್ದೆ."

ಒಬ್ಬಿಬ್ಬರು ನಕ್ಕರು. ಸತ್ತವರ ತಂಗಿಯ ಮಗಳು ನಗಲಿಲ್ಲ. ಐವತ್ತು ದಾಟಿದ, ಶಾಲೆಯ ಸಮವಸ್ತ್ರ ಹೊಲಿದು ಜೀವನ ಮಾಡುತ್ತಿದ್ದ ಹೆಂಗಸು ಅವಳು. ಏಳನೆಯ ವರ್ಷದಿಂದ ಅವಳನ್ನು ಸಾಕಿದವರು ಈ ಸೋದರಮಾವನೇ. ಅವರಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಬೂಟು ಚಪ್ಪಲಿ ರಿಪೇರಿ ಅವರ ಕಸುಬಾಗಿದ್ದರೂ ಊರು ಕರೆಯುತ್ತಿದ್ದದ್ದು ತಿರುಗಣಿ ಮಾಮ ಎಂದು.

"ಡ್ರಾಯರ್ ತೆಗೆದುಬಿಡೋಣ, ಹಗುರಾಗುತ್ತೆ," ಎಂದಳು.

ಮೊದಲನೆಯದರಲ್ಲಿ ಮೊಳೆ, ಎರಡನೆಯದರಲ್ಲಿ ಮೇಣ ಹಚ್ಚಿದ ದಾರ. ಕೆಳಗಿನದರಲ್ಲಿ ಹಳೆ ಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು. ಬಿಚ್ಚಿದಳು. ಹೆಬ್ಬೆರಳಿನಷ್ಟು ಅಗಲದ ಚರ್ಮದ ಪಟ್ಟಿಗಳು, ಒಂದೊಂದಕ್ಕೂ ಪುಟ್ಟ ಹಿತ್ತಾಳೆಯ ಉಂಗುರ. ಹನ್ನೆರಡಿದ್ದವು. ಹೊಸ ಚರ್ಮದ ವಾಸನೆ ಇನ್ನೂ ಹೋಗಿರಲಿಲ್ಲ.

ಬಾಗಿಲ ಹೊರಗೆ ಕೋಲೂರಿಕೊಂಡು ನಿಂತಿದ್ದ ಮುದುಕ ಕೈಚಾಚಿದ. ಒಂದು ಕಾಲಕ್ಕೆ ಊರಂಚಿನ ಸರೋವರದಲ್ಲಿ ಹೆಸರಾಂತ ಬೇಟೆಗಾರ. ಈಗ ಕಣ್ಣಿಗೆ ಪೊರೆ. ಒಂದು ಪಟ್ಟಿಯನ್ನು ಬೆರಳಲ್ಲೇ ತಡವಿ ಗುರುತು ಹಿಡಿದ.

"ಬಾತಿನ ಕಾಲುಪಟ್ಟಿ," ಎಂದ. "ಕರೆಬಾತು ಅಂತ ಸಾಕಿದ ಬಾತು ಇರ್ತಿದ್ವಲ್ಲ, ಅವುಕ್ಕೆ. ಇದನ್ನ ಕಾಲಿಗೆ ಹಾಕಿ, ಈ ಉಂಗುರಕ್ಕೆ ದಾರ ಕಟ್ಟಿ, ದಾರದ ಕೊನೆ ನೀರೊಳಗಿನ ಗೂಟಕ್ಕೆ. ಹೆಣ್ಣನ್ನ ನೀರಲ್ಲಿ ಬಿಡೋದು, ಅದರ ಗಂಡನ್ನ ಪೊದೆ ಹಿಂದೆ ನಮ್ಮ ಹತ್ರ ಇಟ್ಕೊಳ್ಳೋದು. ಎರಡೂ ಕೂಗ್ತಾನೇ ಇರ್ತವೆ. ಕೂಗು ಕೇಳಿ ಮೇಲೆ ಹೋಗೋ ಕಾಡುಬಾತು ಇಳೀತವೆ. ಒಟ್ಟಿಗೆ ಕಟ್ಟಿದ್ರೆ ಮಾತ್ರ ಗಪ್‌ಚಿಪ್."

"ಈಗ್ಲೂ ಹಾಗೆ ಬೇಟೆ ಆಡ್ತಾರಾ?"

"ಎಲ್ಲಿ ತಾಯಿ. ಜೀವಂತ ಹಕ್ಕಿ ಕಟ್ಟಬಾರದು ಅಂತ ಕಾನೂನು ಬಂದು ಇಪ್ಪತ್ತೆರಡು ವರ್ಷ ಆಯ್ತು. ಇದು ಹಳೇದಿರಬೇಕು."

ಅವಳು ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದಳು. ಹಳೆಯದಲ್ಲ. ಹೋದ ತಿಂಗಳು ಊಟ ತಂದಾಗ ಮಾವ ಊದಿದ ಬೆರಳುಗಳಲ್ಲಿ ಇದನ್ನೇ ಹೊಲಿಯುತ್ತಿದ್ದರು. ಬಿಡು ಮಾವ ಎಂದರೆ, "ಆರ್ಡರ್ ಇದೆ," ಎಂದಿದ್ದರು. ಕಣ್ಣೆತ್ತಿರಲಿಲ್ಲ.

*

ನಲವತ್ತಾರು ವರ್ಷದ ಹಿಂದಿನ ಒಂದು ಬೆಳಗ್ಗೆ, ಸರೋವರದ ಆಚೆ ದಡದ ಹುಡುಗಿಯೊಬ್ಬಳು ಕಂಕುಳಲ್ಲಿ ಬಾತನ್ನು ಅವುಚಿಕೊಂಡು ಅಂಗಡಿಗೆ ಬಂದಳು. ಬೇಟೆಯವರಿಗೆ ಕರೆಬಾತು ಸಾಕಿಕೊಡುವ ಮನೆಯವಳು. ಎಲ್ಲರೂ ಬಾತಿನವಳು ಎಂದೇ ಕರೆಯುತ್ತಿದ್ದರು. ಬಾತನ್ನು ಮೇಜಿನ ಮೇಲೆ ಮಲಗಿಸಿದಳು. ಅದರ ಒಂದು ಕಾಲು ಜೋತುಬಿದ್ದಿತ್ತು.

"ಈ ಪಟ್ಟಿ ನಿನ್ನ ಕೈಯಿಂದ ಆಗಿದ್ದಾ?"

"ಹೌದು."

"ಕಟ್ಟಿದ ಬಾತು ಸುಮ್ನೆ ಕೂರಲ್ಲ, ಸುತ್ತುತ್ತೆ. ಸುತ್ತಿದ ಹಾಗೆಲ್ಲ ದಾರ ಹುರಿಗೊಂಡು ಗಿಡ್ಡಾಗ್ತಾ ಬರುತ್ತೆ. ಇದರ ಕಾಲು ಮುರೀತು. ಇದರ ಅಕ್ಕನ ತಲೆ ನೀರೊಳಗೇ ಹೋಯ್ತು. ಹೊಲಿಗೆ ಚೆನ್ನಾಗಿದೆ, ಅದಕ್ಕೇನೂ ಹೇಳಲ್ಲ. ಹೊಲಿದೋರು ಮಾತ್ರ ಒಂದು ದಿನಾನೂ ಬಾತು ನೋಡಿದ ಹಾಗಿಲ್ಲ."

ಅಂಗಡಿಯವನಿಗಾಗ ಮೂವತ್ತು. ಅಷ್ಟು ನೇರವಾಗಿ ಅವನ ಕೆಲಸವನ್ನು ಯಾರೂ ಜರೆದಿರಲಿಲ್ಲ. ಹನ್ನೊಂದು ದಿನ ಅವನು ಬೂಟುಗಳನ್ನು ಮೂಲೆಗೆ ತಳ್ಳಿ ಕೂತ. ಕೊನೆಗೆ ಬೂಟಿನ ದಾರ ಹಾಯಿಸುವ ಹಿತ್ತಾಳೆಯ ಕಣ್ಣೊಂದನ್ನು ಕಿತ್ತು, ಅದರೊಳಗೆ ತಲೆ ದಪ್ಪಗಿದ್ದ ಮೊಳೆ ತೂರಿಸಿ, ಮೊಳೆಯ ತುದಿಯನ್ನು ಉಂಗುರವಾಗಿ ಬಗ್ಗಿಸಿ ತಿರುಗಣಿ ಮಾಡಿದ. ಈಗ ದಾರ ಎಷ್ಟು ತಿರುಗಿದರೂ ಪಟ್ಟಿ ತಿರುಗದು. ಅದನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡು, ದಾರವನ್ನು ಮಂಚದ ಕಾಲಿಗೆ ಬಿಗಿದು, ಮೈ ತಿರುಗಿಸುತ್ತ ನೂರು ಸುತ್ತು ಹಾಕಿದ. ತಲೆ ತಿರುಗಿ ಕೂತಲ್ಲಿಗೇ ಗಡಿಯಾರದವರು ಬಂದರು. "ಏನಯ್ಯಾ ಇದು, ಗಾಣದ ಎತ್ತಿನ ಕೆಲಸ?" ಎಂದರು. ತಿರುಗಣಿ ಎಂಬ ಅಡ್ಡಹೆಸರು ಬಿದ್ದದ್ದು ಅಂದೇ.

ಬಾತಿನವಳು ಮತ್ತೆ ಬಂದಾಗ ತಿರುಗಣಿಯನ್ನು ಬೆರಳಲ್ಲಿ ಒಮ್ಮೆ ಮೀಟಿದಳು. ಅದು ಗಿರಗಿರನೆ ತಿರುಗಿ, ನಿಧಾನವಾಗಿ, ಸದ್ದಿಲ್ಲದೆ ನಿಂತಿತು. ಅವಳು ಇನ್ನೊಮ್ಮೆ ಮೀಟಿದಳು. ಮೂರನೆಯ ಸಲಕ್ಕೆ ಅವನಿಗೆ ಗೊತ್ತಾಯಿತು, ಇದು ಪರೀಕ್ಷೆಯಲ್ಲ, ಖುಷಿ.

"ಹನ್ನೆರಡು ಬೇಕು," ಎಂದಳು. "ಚರ್ಮ ನೀರಲ್ಲಿ ಒಂದು ವರ್ಷ ಬಾಳುತ್ತೆ. ಪ್ರತಿ ವರ್ಷ ಹನ್ನೆರಡು."

*

ಮೇಜು ಕೊನೆಗೂ ಬೀದಿಗೆ ಬಂತು. ಬಿಸಿಲಿಗೆ ಅದರ ಮೈಯ ಕತ್ತಿಗೀರುಗಳೆಲ್ಲ ಎದ್ದು ಕಂಡವು. ತಂಗಿಯ ಮಗಳು ವ್ಯಾನಿನವನಿಗೆ ದಾರಿ ಹೇಳುತ್ತಿದ್ದಾಗ, ದೋಣಿಕಟ್ಟೆಯ ಕಡೆಯಿಂದ ವಯಸ್ಸಾದ ಹೆಂಗಸೊಬ್ಬಳು ಏರು ಹತ್ತಿ ಬಂದಳು. ಬೂದು ಕೋಟು, ಕೈಯಲ್ಲಿ ಖಾಲಿ ಚೀಲ. ಮೇಜನ್ನು ನೋಡಿ ನಿಂತಳು.

"ಅಂಗಡಿ ಬದಲಾಯಿಸ್ತಿದಾರಾ?" ಎಂದು ಕೇಳಿದಳು. "ನನಗೆ ಹೇಳಲೇ ಇಲ್ಲ."

ಅವಳನ್ನು ತಂಗಿಯ ಮಗಳು ಗುರುತಿಸಿದಳು. ವರ್ಷಕ್ಕೆ ಎರಡು ಸಲ, ಚಳಿ ಶುರುವಾಗುವ ಮೊದಲೊಂದು ಸಲ ಮತ್ತು ತಿಂಗಳು ಕಳೆದು ಇನ್ನೊಂದು ಸಲ, ಈ ಮುಖವನ್ನು ಅಂಗಡಿಯಲ್ಲಿ ನೋಡುತ್ತಲೇ ದೊಡ್ಡವಳಾಗಿದ್ದಳು. ಬಾತಿನಮ್ಮ. ಗಿರಾಕಿ. ಅಷ್ಟೇ ಗೊತ್ತಿತ್ತು.

"ಇಲ್ಲಮ್ಮ," ಎಂದಳು. "ಮಾವ ಹೋಗಿಬಿಟ್ರು. ಮೊನ್ನೆ ಬೆಳಗ್ಗೆ. ನಿದ್ದೆಯಲ್ಲೇ."

ಬಾತಿನಮ್ಮ ಮೇಜಿನ ಅಂಚನ್ನು ಹಿಡಿದುಕೊಂಡಳು. ಗಡಿಯಾರದವರು ಸ್ಟೂಲು ತಂದು ಹಿಂದೆ ಇಟ್ಟರು. ಅದನ್ನವಳು ನೋಡಲಿಲ್ಲ.

"ಇವತ್ತು ಬಾ ಅಂದಿದ್ದ," ಎಂದಳು ಕೊನೆಗೆ. "ತಾರೀಕು ತಪ್ಪೋನಲ್ಲ."

*

ಕಾನೂನು ಬಂದ ವರ್ಷ ಮಾವ ಅದನ್ನು ಪತ್ರಿಕೆಯಲ್ಲಿ ಓದಿದ್ದರು. ಎರಡು ಸಲ ಓದಿ ಮಡಚಿಟ್ಟರು. ಚಳಿ ಶುರುವಾಗುವ ಮೊದಲ ವಾರ ಅವರು ಬಾಗಿಲಿಗೆ ಬೆನ್ನು ಹಾಕಿ ಕೂತರು. ಬೀದಿ ನೋಡುತ್ತ ಕೂತರೆ ಕಾಯುತ್ತಿದ್ದಾರೆಂದು ಗಡಿಯಾರದವರಿಗೆ ತಿಳಿಯುತ್ತಿತ್ತು.

"ಹನ್ನೆರಡು," ಎಂದಿತು ಹಿಂದಿನಿಂದ ಒಂದು ದನಿ. "ಹೋದ ವರ್ಷದ ಅಳತೆಯೇ."

ಅವರು ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು.

"ಬಾಳಿಕೆ ಹೇಗೆ ಬಂತು?"

"ನೀರಲ್ಲಿ ಚರ್ಮ ಎಷ್ಟು ದಿನ ಅಂತ ಬಾಳುತ್ತೆ."

"ಈ ಸಲ ಎಣ್ಣೆ ಜಾಸ್ತಿ ಉಣಿಸ್ತೀನಿ."

"ತುಂಬಾ ಉಣಿಸಬೇಡ," ಎಂದಳು. "ಒಂದು ವರ್ಷ ಸಾಕು."

ಕಾನೂನಿನ ಮಾತು ಇಬ್ಬರೂ ಎತ್ತಲಿಲ್ಲ. ಆ ವರ್ಷವೂ ಇಲ್ಲ, ಮುಂದಿನ ಇಪ್ಪತ್ತೆರಡು ವರ್ಷವೂ ಇಲ್ಲ.

*

ಮಣ್ಣಿಗೆ ಬಂದವರು ಹತ್ತಿಪ್ಪತ್ತು ಜನ. ಎಲ್ಲರ ಕಾಲಲ್ಲೂ ಸತ್ತವರು ಒಂದಲ್ಲ ಒಂದು ಸಲ ಹೊಲಿದ ಬೂಟುಗಳಿದ್ದವು. ಗಡಿಯಾರದವರು ನಾಲ್ಕು ಮಾತು ಹೇಳಬೇಕೆಂದು ಚೀಟಿ ಬರೆದು ತಂದಿದ್ದರು, ಓದಲಾಗದೆ ಜೇಬಿಗೆ ಹಾಕಿಕೊಂಡರು. ಬಾತಿನಮ್ಮ ಎಲ್ಲರಿಗಿಂತ ಹಿಂದೆ, ಬೇಲಿಯ ಪಕ್ಕ ನಿಂತಿದ್ದಳು. ಜನ ಚದುರಿದ ಮೇಲೆ ಮುಂದೆ ಬಂದು, ಹಸಿ ಮಣ್ಣನ್ನು ಸ್ವಲ್ಪ ಹೊತ್ತು ನೋಡಿ, "ಮಧ್ಯಾಹ್ನದ ದೋಣಿ ಇದೆ, ಹೊರಡ್ತೀನಿ," ಎಂದಳು.

ತಂಗಿಯ ಮಗಳು ಅವಳ ಜೊತೆ ಕಟ್ಟೆಯವರೆಗೆ ನಡೆದಳು. ಪೊಟ್ಟಣ ಅವಳ ಕೈಯಲ್ಲೇ ಇತ್ತು.

"ಕರೆಬಾತಿನ ಬೇಟೆ ನಿಂತೇ ಹೋಯ್ತಂತೆ," ಎಂದಳು. "ಮತ್ತೆ ಯಾತಕ್ಕೆ ಪ್ರತಿ ವರ್ಷ ಮಾಡಿಸ್ತಿದ್ರಿ?"

ಬಾತಿನಮ್ಮ ಕಟ್ಟೆಯ ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಂಡಳು.

"ಮಾಡಿಸೋಕೆ ಬೇರೆ ಏನಿತ್ತು ನನ್ನ ಹತ್ರ? ನನ್ನ ಬೂಟು ಸವೀತಾನೇ ಇರಲಿಲ್ಲ, ಅಷ್ಟು ಗಟ್ಟಿ ಮಾಡಿಕೊಟ್ಟುಬಿಟ್ಟಿದ್ದ."

ನೀರು ಕಟ್ಟೆಯ ಕಲ್ಲಿಗೆ ಮೆಲ್ಲಗೆ ಬಡಿಯುತ್ತಿತ್ತು. ದೋಣಿ ಇನ್ನೂ ಆಚೆ ದಡ ಬಿಟ್ಟಿರಲಿಲ್ಲ.

"ನೀನು ಎರಡು ಜಡೆ ಹಾಕಿದ್ಯಂತೆ," ಎಂದಳು ಬಾತಿನಮ್ಮ. "ಕೆಂಪು ಸ್ವೆಟರ್. ದೋಣಿ ನಡುನೀರಿಗೆ ಬಂದಾಗ ನಾನು ಆ ದಡದಲ್ಲಿ ನಿಂತು ನೋಡಿದ್ದು ಬರೀ ಒಂದು ಕೆಂಪು ಚುಕ್ಕೆ. ಕಂಬಿ ತಬ್ಬಿಕೊಂಡಿತ್ತು."

ತಂಗಿಯ ಮಗಳಿಗೆ ಆ ದಿನ ನೆನಪಿತ್ತು. ಅಮ್ಮ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಅಮ್ಮನನ್ನು ಇದೇ ದೋಣಿಯಲ್ಲಿ ಆಚೆಯ ಆಸ್ಪತ್ರೆಗೆ ಕರೆದೊಯ್ದಿದ್ದರು, ಹೋದವಳು ವಾಪಸು ಬರಲಿಲ್ಲ. ಮಾವ ಒಂದು ದಿನ ಅವಳಿಗೆ ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿ, ಸುತ್ತಾಡಿಕೊಂಡು ಬರೋಣ ಎಂದು ದೋಣಿ ಹತ್ತಿಸಿದ್ದರು. ಅರ್ಧ ದಾರಿಯಲ್ಲಿ ಅವಳು ಕಿರುಚಲು ಶುರು ಮಾಡಿದಳು. ಕಂಬಿ ಹತ್ತಿ ನೀರಿಗೆ ಹಾರಲು ಹೋದಳು. ದೋಣಿಯವನು ಹೆದರಿ ದೋಣಿ ತಿರುಗಿಸಿದ್ದ. ಅವಳು ಮತ್ತೆಂದೂ ನೀರು ದಾಟಿರಲಿಲ್ಲ.

"ಸುತ್ತಾಡೋಕೆ ಅಂದಿದ್ರು," ಎಂದಳು.

"ಇನ್ನೇನು ಹೇಳಿಯಾನು. ಆ ಕಡೆ ಒಂದು ಅಂಗಡಿ ಖಾಲಿ ಇತ್ತು, ಸುಣ್ಣ ಹೊಡೆಸಿದ್ದೆ. ನನ್ನಪ್ಪ ಹಾಸಿಗೆ ಹಿಡಿದಿದ್ರು, ಮನೆ ತುಂಬಾ ಬಾತು, ನಾನು ಈಚೆ ಬರೋ ಹಾಗಿರಲಿಲ್ಲ. ಅವನೇ ಬರ್ತೀನಿ ಅಂದ. ಮೊದಲು ಮಗು ಒಂದ್ಸಲ ನೋಡಲಿ, ಅವಳಿಗೆ ಹಿಡಿಸಿದ್ರೆ ಆಯ್ತು ಅಂದ."

ತಂಗಿಯ ಮಗಳು ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡಳು. ಅದರ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು.

"ನನಗೆ ಯಾರೂ ಹೇಳಲಿಲ್ಲ."

"ಏಳು ವರ್ಷದ ಮಗುಗೆ ಏನಂತ ಹೇಳೋದು?"

"ಆಮೇಲಾದ್ರೂ."

"ಆಮೇಲೆ ಹೇಳಿ ಏನು ಬರ್ತಿತ್ತು? ಆ ಭಾರ ನೀನು ಹೊರಬೇಕಾಗಿತ್ತು ಅಷ್ಟೇ. ಅವಳ ಕಿವಿಗೆ ಬೀಳಬಾರದು ಅಂತ ನನ್ನಿಂದ ಮಾತು ತಗೊಂಡಿದ್ದ. ನೀನು ಕೇಳದೇ ಇದ್ದಿದ್ರೆ ಇವತ್ತೂ ಹೇಳ್ತಿರಲಿಲ್ಲ."

"ನಿಮ್ಮಪ್ಪ ಹೋದ ಮೇಲೆ?"

"ಅವನು ಕೇಳ್ತಾನೆ ಅಂತ ನಾನು ಕಾದೆ. ನಾನೇ ಹೇಳ್ತೀನಿ ಅಂತ ಅವನು ಕಾದನೋ ಏನೋ." ಬಾತಿನಮ್ಮ ನೀರಿನ ಕಡೆ ನೋಡಿದಳು. "ಕಾಯೋದರಲ್ಲಿ ನಾವಿಬ್ಬರೂ ಗಟ್ಟಿಗರು."

"ನನ್ನ ಮೇಲೆ ಕೋಪ ಬರಲಿಲ್ವಾ?"

"ಬಂತು. ಎರಡು ವರ್ಷ ನಿನ್ನ ಮುಖ ನೋಡ್ತಿರಲಿಲ್ಲ. ಆಮೇಲೆ ಒಂದ್ಸಲ ಬಂದಾಗ ನೀನು ಮೇಜಿನ ಕೆಳಗೆ ಕೂತು ಮಗ್ಗಿ ಬಾಯಿಪಾಠ ಮಾಡ್ತಿದ್ದೆ. ಹನ್ನೆರಡರ ಮಗ್ಗಿ ತಪ್ಪುತಪ್ಪಾಗಿ ಹೇಳ್ತಿದ್ದೆ. ಅವನು ಹೊಲೀತಾ ಹೊಲೀತಾ ತಿದ್ತಿದ್ದ. ಅಲ್ಲೇ ಕೇಳ್ತಾ ನಿಂತೆ. ಕೋಪ ಯಾವಾಗ ಹೋಯ್ತೋ ಗೊತ್ತಾಗಲಿಲ್ಲ."

ದೋಣಿ ಬಂತು. ಬಾತಿನಮ್ಮ ಎದ್ದು ಪೊಟ್ಟಣಕ್ಕೆ ಕೈಚಾಚಿದಳು. ತಂಗಿಯ ಮಗಳು ಅದನ್ನು ಕೊಡಲಿಲ್ಲ. ದೋಣಿಗೆ ಹಾಕಿದ ಹಲಗೆಯನ್ನೊಮ್ಮೆ ನೋಡಿದಳು, ಅದರ ಕೆಳಗಿನ ಕಪ್ಪು ನೀರನ್ನು ನೋಡಿದಳು. ಆಮೇಲೆ ಪೊಟ್ಟಣವನ್ನು ಎದೆಗವುಚಿಕೊಂಡು ಹತ್ತಿದಳು. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದಳು. ಬಾತಿನಮ್ಮ ಅವಳ ತೋಳು ಹಿಡಿದು ಕೂತಿದ್ದಳು.

ಆಚೆ ದಡದ ಮೆಟ್ಟಿಲಿಳಿದು ಸ್ವಲ್ಪ ದೂರ ನಡೆದರೆ ಜೊಂಡಿನ ನಡುವೆ ಒಂದು ತಿಳಿ ಜಾಗ. ಬಾತಿನಮ್ಮ ನಾಲಿಗೆಯಿಂದ ಲೊಚಗುಟ್ಟಿದಳು. ಜೊಂಡು ಅಲುಗಿ, ಒಂದರ ಹಿಂದೊಂದು ಬಾತುಗಳು ಹೊರಬಂದವು. ದಡ ಹತ್ತಿ ಅವಳ ಸುತ್ತ ನೆರೆದವು. ಪ್ರತಿಯೊಂದರ ಎಡಗಾಲಲ್ಲೂ ಸವೆದು ಕಪ್ಪಾದ ಪಟ್ಟಿ, ಉಂಗುರ. ದಾರವಿಲ್ಲ. ನೀರಲ್ಲೆಲ್ಲೂ ಗೂಟವಿಲ್ಲ.

"ಹಿಡ್ಕೋ," ಎಂದು ಒಂದನ್ನು ಎತ್ತಿ ಅವಳ ತೋಳಿಗೆ ಹಾಕಿದಳು. "ರೆಕ್ಕೆ ಸೇರಿಸಿ ಹಿಡಿ. ಹೆದರಬೇಡ, ಕಚ್ಚಲ್ಲ."

ತಂಗಿಯ ಮಗಳು ಹಿಡಿದುಕೊಂಡಳು. ಪಾದ ತಣ್ಣಗಿತ್ತು, ಗರಿಯೊಳಗೆ ಹೋದ ಬೆರಳು ಮಾತ್ರ ಬೆಚ್ಚಗಾಯಿತು. ಬಾತಿನಮ್ಮ ಹಳೆಯ ಪಟ್ಟಿಯನ್ನು ಕತ್ತರಿಸಿ ತೆಗೆದು ಹೊಸದನ್ನು ಬಿಗಿದಳು, ಪಟ್ಟಿಗೂ ಕಾಲಿಗೂ ನಡುವೆ ಉಗುರು ತೂರಿಸಿ ಸಡಿಲ ನೋಡಿದಳು.

"ಬಿಡು," ಎಂದಳು.

ಬಾತು ಇಳಿದು ಮೈ ಒದರಿತು. ಓಲಾಡುತ್ತ ನೀರಿಗೆ ಹೋಗಿ ಜೊಂಡಿನಾಚೆಯ ತೆರೆದ ಸರೋವರದವರೆಗೂ ಈಜಿತು. ಅಲ್ಲಿ ಒಮ್ಮೆ ಸುತ್ತು ಹಾಕಿ, ದಡದ ಹತ್ತಿರಕ್ಕೇ ಬಂದು ನಿಂತಿತು.