ನನ್ನ ಬಾಯಿಗೆ ಹಚ್ಚಿದ ಕುಂಕುಮ

ಅಂಗೈಯಷ್ಟು ಹಸಿರು ಹಲಗೆ, ಅದರ ಮೇಲೆ ಒಂದಿಷ್ಟು ಬೆಸುಗೆ, ತುದಿಯಲ್ಲೊಂದು ಚೌಕ ಬಾಯಿ. ಇಷ್ಟೇ ನಾನು. ಜನ ನನ್ನನ್ನು ನೆಟ್‌ವರ್ಕ್ ಕಾರ್ಡ್ ಎನ್ನುತ್ತಾರೆ. ಕಂಪ್ಯೂಟರಿನ ಮಾತನ್ನು ಹೊರಗಿನ ತಂತಿಗೆ ದಾಟಿಸುವುದು, ತಂತಿಯಲ್ಲಿ ಬಂದದ್ದನ್ನು ಒಳಗೆ ತಲುಪಿಸುವುದು ನನ್ನ ಕಸುಬು. ಕಡಲಾಚೆಯ ಕಾರ್ಖಾನೆಯಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹೆಂಗಸರ ಕೈಯಲ್ಲಿ ಹುಟ್ಟಿದೆ. ನನ್ನ ಪುಟ್ಟ ದೀಪ ಮೊದಲ ಸಲ ಮಿನುಗಿದಾಗ ಅವರಲ್ಲೊಬ್ಬಳು ತಲೆಯಾಡಿಸಿದಳು. ಅದೇ ನನ್ನ ನಾಮಕರಣ.

ಮೊದಲ ಚಾಕರಿ ಹುಬ್ಬಳ್ಳಿಯ ಒಂದು ಲಾರಿ ಆಫೀಸಿನಲ್ಲಿ. ಅಲ್ಲಿ ನಾನು ಸಾಗಿಸಿದ್ದು ಮೆಣಸಿನಕಾಯಿ ಚೀಲಗಳ ಸುದ್ದಿ, ಸಿಮೆಂಟಿನ ಸುದ್ದಿ, ಮಿಕ್ಕಿದ್ದೆಲ್ಲ ಬೈಗುಳ. ಆಫೀಸು ಮುಚ್ಚಿತು, ಹಳೇ ಸಾಮಾನಿನ ಅಂಗಡಿಯಲ್ಲಿ ಧೂಳು ತಿಂದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡವರು ಶಿವಪುತ್ರಪ್ಪ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಸಿಡಿಲಿಗೆ ಅವರ ಕಂಪ್ಯೂಟರಿನ ಸ್ವಂತ ಬಾಯಿ ಸುಟ್ಟುಹೋಗಿತ್ತು, ಅದರ ಬದಲಿಗೆ ನನ್ನನ್ನು ಕೂರಿಸಿದರು.

ಶಿವಪುತ್ರಪ್ಪನವರ ಹೆಂಡತಿ ಕಾಶವ್ವ. ಸೊಲ್ಲಾಪುರದಲ್ಲಿದ್ದ ಪಾರವ್ವ ಅವಳ ಅಕ್ಕ. ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡ ಕೈಭಾಷೆ ಅವರದು. ಮುಖ ತೋರಿಸುವ ಮೊಬೈಲು ಇನ್ನೂ ಬಂದಿರದ ಕಾಲ, ಫೋನು ಅವರ ಪಾಲಿಗೆ ಗೋಡೆಗೆ ಸಮ. ಅದಕ್ಕೇ ದಿನಾ ಮಧ್ಯಾಹ್ನ ಕ್ಯಾಮೆರಾದ ಮುಂದೆ ಕೂತು ಅಕ್ಕ ತಂಗಿ ಕೈಯಲ್ಲೇ ಹರಟುವರು. ರೊಟ್ಟಿ ಬಡಿದಂತೆ ಎರಡು ಚಪ್ಪಾಳೆ ತಟ್ಟಿದರೆ ಪಾರವ್ವನ ಸೊಸೆ. ಹುಬ್ಬೇರಿಸಿ ಮೀಸೆ ತಿರುವಿದರೆ ಕಾಶವ್ವನ ಗಂಡ. ಇಬ್ಬರೂ ಬಿದ್ದು ಬಿದ್ದು ನಕ್ಕಾಗ ಶಿವಪುತ್ರಪ್ಪ, “ಮತ್ತ ನಂದೇ ಸುದ್ದಿ ನಡದೈತಿ” ಎಂದು ಅಂಗಳಕ್ಕೆ ಹೋಗುವರು. ಆ ಕೈಗಳೆಲ್ಲ ನನ್ನ ಬಾಯಿಂದಲೇ ಹಾದು ಹೋಗುತ್ತಿದ್ದವು. ಬೈಗುಳ ಹೊತ್ತು ಬೇಸತ್ತ ನನಗೆ ಅದು ಪುಣ್ಯದ ಕೆಲಸ.

ಒಂದು ವರ್ಷ ಪಾರವ್ವನ ತಲೆಯಲ್ಲಿ ಗಡ್ಡೆ ಕಂಡಿತು. ಆಪರೇಷನ್ ಆದಮೇಲೆ ಬಲಗೈಯ ಶಕ್ತಿ ಹೋದರೂ ಹೋಗಬಹುದು ಎಂದರು ಡಾಕ್ಟರು. ವಿಜಯದಶಮಿಯ ಸಂಜೆ ಆಸ್ಪತ್ರೆ ಸೇರಬೇಕಿತ್ತು. ಅದಕ್ಕೆ ಮೊದಲು, ಎರಡೂ ಕೈ ನೆಟ್ಟಗಿರುವಾಗಲೇ, ತಂಗಿಯೊಡನೆ ಒಮ್ಮೆ ಮನಸಾರೆ ಮಾತಾಡಬೇಕೆಂಬುದೊಂದೇ ಅವಳ ಆಸೆ. ಕಾಶವ್ವ ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು, ಸೊಲ್ಲಾಪುರಕ್ಕೆ ಹೋಗುವಂತಿರಲಿಲ್ಲ. ಹಬ್ಬದ ಮಧ್ಯಾಹ್ನ ಕಂಪ್ಯೂಟರಿನಲ್ಲೇ ಸಿಗುವುದೆಂದಾಯಿತು.

ಅದರ ಹಿಂದಿನ ದಿನ ಖಂಡೇಪೂಜೆ, ಆಯುಧಗಳ ಹಬ್ಬ. ಶಿವಪುತ್ರಪ್ಪನವರದು ವರ್ಕ್‌ಶಾಪಿನ ಪದ್ಧತಿ. ಕಬ್ಬಿಣಕ್ಕೆ ಅಂಟಲೆಂದು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಯಂತ್ರ ಎಲ್ಲಿ ದುಡಿಯುತ್ತದೋ ಅಲ್ಲಿಗೇ ಹಚ್ಚಬೇಕು. ಇಕ್ಕಳ, ಸ್ಕ್ರೂಡ್ರೈವರು, ಸುತ್ತಿಗೆಗಳನ್ನೆಲ್ಲ ಮಣೆಯ ಮೇಲೆ ಮಲಗಿಸಿ ಪೂಜಿಸಿದರು. ಆಮೇಲೆ ಕಂಪ್ಯೂಟರಿನತ್ತ ತಿರುಗಿದರು. ಡಬ್ಬಿಯ ನೆತ್ತಿಗೊಂದು ಬೊಟ್ಟಿಟ್ಟು ಕೈಮುಗಿದಿದ್ದರೆ ಸಾಕಿತ್ತು.

“ದುಡಿಯೂದು ಡಬ್ಬಿ ಅಲ್ಲ, ಇದರ ಬಾಯಿ” ಎನ್ನುತ್ತ ಗೋಡೆಯ ಕಡೆ ಕೈಹಾಕಿ ತಂತಿ ಕಿತ್ತರು. ಊದಿನಕಡ್ಡಿಯ ಬುಡದಿಂದ ನನ್ನ ಬಾಯೊಳಗೆ ಕುಂಕುಮ ಮೆತ್ತಿ, ತಂತಿಯನ್ನು ಮತ್ತೆ ಸಿಕ್ಕಿಸಿದರು. ಟಕ್ಕೆಂದು ಕೂತಿತು. ಹುಟ್ಟಿದಾಗಿನಿಂದ ನನಗೆ ಅಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. ಆದರೆ ಆ ಎಣ್ಣೆ ನನ್ನ ಬಾಯೊಳಗಿನ ಲೋಹದ ಎಳೆಗಳನ್ನೆಲ್ಲ ಮುಚ್ಚಿಬಿಟ್ಟಿತ್ತು.

ಮರುದಿನ ಮಧ್ಯಾಹ್ನ ಕಾಶವ್ವ ಹೊಸ ಸೀರೆಯುಟ್ಟು ಕುರ್ಚಿಯಲ್ಲಿ ಕೂತಳು. ತಂತಿಯೇ ಇಲ್ಲ ಎಂದಿತು ಕಂಪ್ಯೂಟರು. ಸೊಲ್ಲಾಪುರದಿಂದ ಪಾರವ್ವನ ಮಗ ಸಿದ್ರಾಮ ಫೋನು ಮಾಡಿದ. “ಕಾಕಾ, ಏನಾತು? ಅವ್ವ ಆಗಲೇ ಬಂದು ಕುಂತಾಳ.”

ಎದುರು ಮನೆಯ ಮುಧೋಳ ಮಾಸ್ತರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವರು. ಹೋಳಿಗೆ ಊಟ ಬಿಟ್ಟು ಓಡಿಬಂದರು. ಮೋಡೆಮ್ ಆರಿಸಿ ಹೊತ್ತಿಸಿದರು. ಗೋಡೆಯ ಸಂದಿಗೆ ಕೈಹಾಕಿ ತಡಕಾಡಿ ತಂತಿ ಬದಲಿಸಿದರು, ಕಿತ್ತದ್ದರ ತುದಿ ನೋಡಲಿಲ್ಲ. ನನ್ನನ್ನು ನಡೆಸುವ ಡ್ರೈವರನ್ನು ಅಳಿಸಿ ಮತ್ತೆ ಹಾಕಿದರು. ನೀನಿದ್ದೀಯಾ ಎಂದು ಒಳಗಿನಿಂದ ನನ್ನನ್ನೇ ಕೇಳಿದರು. ಇದ್ದೇನೆ ಎಂದೆ. ಬಾಯಿ ನೋಡಿ ಎನ್ನಲು ನನ್ನಿಂದಾಗಲಿಲ್ಲ. ಆ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ.

“ಕಾರ್ಡ್ ಜೀವಂತ ಐತ್ರಿ. ಡಬ್ಬಿ ಬಿಚ್ಚಿ ನೋಡಬೇಕು, ಸ್ಕ್ರೂಡ್ರೈವರ್ ಕೊಡ್ರಿ” ಎಂದರು ಮಾಸ್ತರು.

ಶಿವಪುತ್ರಪ್ಪ ಮಣೆಯತ್ತ ನೋಡಿದರು. “ಬನ್ನಿ ಮುಡಿಯೂತನಕ ಆಯುಧ ಎಬ್ಬಸಂಗಿಲ್ರಿ ಮಾಸ್ತರ. ನಾ ಎಂದೂ ಎಬ್ಬಸಿಲ್ಲ.”

“ಹೊತ್ತು ಹೊಂಟೈತ್ರೀ!”

“ಆ ದೇವಿನೇ ಕಾಯ್ತಾಳ. ಇನ್ನೊಮ್ಮೆ ಆ ಮೋಡೆಮ್ಮ ಆರಿಸಿ ನೋಡ್ರಿ.”

ಮತ್ತೆ ಆರಿಸಿದರು, ಮತ್ತೆ ಹೊತ್ತಿಸಿದರು. ಫೋನು ಮತ್ತೆ ಮತ್ತೆ ಬಡಿದುಕೊಂಡಿತು. “ಕಾಕಾ, ಅವ್ವ ಕುರ್ಚಿ ಬಿಟ್ಟು ಏಳವಲ್ಲಳು. ಕೈ ಎತ್ತಿಕೊಂಡೇ ಕುಂತಾಳ.” ಆ ಮಾತನ್ನು ಶಿವಪುತ್ರಪ್ಪ ಕೈಸನ್ನೆಯಲ್ಲಿ ಹೆಂಡತಿಗೆ ತಿಳಿಸಿದರು. ನನಗೆ ಒಳಗೇ ಉರಿದುಹೋಯಿತು. ಬಾಗಿಲಲ್ಲೇ ಕಾವಲಿಗಿದ್ದೂ ತೆರೆಯಲಾಗದವನ ಸಂಕಟ ಯಾರಿಗೂ ಬೇಡ.

ಕೊನೆಗೆ ಕಾಶವ್ವ ಎದ್ದಳು. ಗೋಡೆ ಹಿಡಿದು, ಪ್ಲಾಸ್ಟರಿನ ಕಾಲೆಳೆಯುತ್ತ ಮಣೆಯ ಬಳಿ ಹೋಗಿ, ಹೂವಿನಡಿಯ ಸ್ಕ್ರೂಡ್ರೈವರನ್ನು ಎತ್ತಿ ತಂದು ಗಂಡನ ಕೈಯಲ್ಲಿಟ್ಟಳು. ಶಿವಪುತ್ರಪ್ಪ ಡಬ್ಬಿ ಬಿಚ್ಚಿದರು. ನನ್ನನ್ನು ಹೊರಗೆಳೆದು ಬೆಳಕಿಗೆ ಹಿಡಿದು ನೋಡಿದರು. ಬಾಯೆಲ್ಲ ಕೆಂಪು.

“ನಾನಽ ಹಚ್ಚಿದ್ದು” ಎಂದು ನನ್ನನ್ನು ಮಾಸ್ತರ ಕೈಗೆ ಕೊಟ್ಟರು. ಮಾಸ್ತರು ಸ್ಪಿರಿಟ್ಟಿನಲ್ಲಿ ನನ್ನ ಬಾಯಿ ತೊಳೆದು ಮತ್ತೆ ಕೂರಿಸಿದರು. ನನ್ನ ದೀಪ ಹೊತ್ತಿತು. ಇದ್ದ ಶಕ್ತಿಯೆಲ್ಲ ಕೂಡಿಸಿ ಸೊಲ್ಲಾಪುರವನ್ನು ತಂದು ಕಾಶವ್ವನ ಮುಂದಿಟ್ಟೆ. ಅಲ್ಲಿ ಖಾಲಿ ಕುರ್ಚಿ ಇತ್ತು, ಆಸ್ಪತ್ರೆ ಸೇರುವ ಹೊತ್ತಾಗಿತ್ತು. ಪಕ್ಕದಲ್ಲಿ ನಿಂತಿದ್ದ ಸೊಸೆ ಅಳುತ್ತ ಬೀದಿಬಾಗಿಲು ತೋರಿಸಿದಳು.

ಸಂಜೆ ಬನ್ನಿ ಕೊಡಲು ಬಂದವರು, “ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ” ಎಂದರು. ಶಿವಪುತ್ರಪ್ಪ ಕೈಯೊಡ್ಡಿದರು.

ಪಾರವ್ವ ಬದುಕಿದಳು. ಬಲಗೈ ಮಾತ್ರ ಹೋಯಿತು.

ವರ್ಷ ಕಳೆಯುವಷ್ಟರಲ್ಲಿ ನನ್ನ ಎಳೆಗಳಿಗೆ ಕಿಲುಬು ಹಿಡಿಯಿತು. ಹೊಸ ಕಂಪ್ಯೂಟರು ಬಂತು, ನನ್ನನ್ನು ಗೋಡೆಯಲ್ಲಿನ ದೇವರ ಮಾಡದಲ್ಲಿ ಇಟ್ಟರು. ಖಂಡೇಪೂಜೆಯ ದಿನ ಶಿವಪುತ್ರಪ್ಪ ಹೊಸದರ ಹತ್ತಿರ ಸುಳಿಯುವುದಿಲ್ಲ. ಅದರ ಪಾಲಿನ ಕುಂಕುಮವೂ ನನಗೇ. ಹಚ್ಚಲಿ, ಈ ಬಾಯಿಗೆ ಇನ್ನೇನು ಕೆಲಸವಿದೆ?

ಮಾಡದಿಂದ ಮಧ್ಯಾಹ್ನದ ಹರಟೆ ಕಾಣುತ್ತದೆ. ಒಂದೇ ಕೈಯಲ್ಲಿ ಚಪ್ಪಾಳೆಯಾಗದು. ಸೊಸೆಯ ಸುದ್ದಿ ಹೇಳಲು ಪಾರವ್ವ ಈಗ ಎಡಗೈಯಿಂದ ಮೇಜು ಬಡಿಯುತ್ತಾಳೆ. ಇತ್ತ ಕಾಶವ್ವ ತನ್ನ ಗಟ್ಟಿಮುಟ್ಟಾದ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ಎಡಗೈಯೊಂದರಲ್ಲೇ ಉತ್ತರ ಕೊಡುತ್ತಾಳೆ.