ಬಂದೂಕಿನ ಮೇಲಿನ ಮೊದಲ ಹೆಸರು

ಬೆಳವಣಕಿ ಸಾವಕಾರ ಪ್ರಭುಲಿಂಗಪ್ಪನವರ ವಾಡೆಯ ಪಡಸಾಲೆಯಲ್ಲಿ, ರೇಷ್ಮೆ ಸೀರೆಯ ಮಡಿಕೆಯ ಮೇಲೆ, ಜೋಡುನಳಿಗೆ ಬಂದೂಕು ಮದುಮಗಳಂತೆ ಮಲಗಿತ್ತು. ಅದರ ಪಕ್ಕೆಯ ಉಕ್ಕಿನ ತಗಡಿಗೆ ಗಜೇಂದ್ರಗಡದ ಕುಸುರಿಗಾರ ಮುನಾವರ ಬಂಗಾರದ ತಂತಿ ಬಡಿದು ನವಿಲು ಕೂಡಿಸಿದ್ದ, ಕಮಲ ಅರಳಿಸಿದ್ದ, ಹುಲಿ ಹಾರಿಸಿದ್ದ. ಹುಲಿಯ ಬೆನ್ನ ಮೇಲೆ ಸಿನಿಮಾ ಹೀರೋ ವಜ್ರಕುಮಾರನ ಮುಖ. ಕಣ್ಣಿಗೆ ಕೆಂಪು ಹರಳು. ಮೀಸೆಗೇ ಕಾಲು ತಗಡು ಹೋಗಿತ್ತು.

“ಹ್ಯಾಂಗೈತಿ?” ಎಂದರು ಸಾವಕಾರರು.

“ನಮ್ಮ ಎರಿ ಹೊಲದ ಸೀಮ್ಯಾಗ ಹುಲಿ ಎಲ್ಲಿಂದ ಬಂತ್ರಿ?” ಎಂದಳು ಮಹೇಶ್ವರಿ.

“ಹೀರೋ ಬಂದಮ್ಯಾಲೆ ಹುಲಿ ಬರದ ಬಿಡತೈತೇನವಾ!” ಅವರು ಹೊಟ್ಟೆ ಕುಣಿಸಿ ನಕ್ಕರು.

ಮಹೇಶ್ವರಿ ರೋಣದ ಬಜಾರದ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕುವವಳು. ಮದುವೆಯ ಕೊಡ, ತಾಟು, ತಂಬಿಗೆಗಳ ಮೇಲೆ ಅವಳ ಕರೆಂಟ್ ಪೆನ್ನು ಗುಂಯ್ಯೆಂದು ಓಡಿದರೆ ಅಕ್ಷರ ಮುತ್ತಿನ ಸಾಲು. ಗಜೇಂದ್ರಗಡದ ಕೋಟೆಗೆ ಶೂಟಿಂಗಿಗೆ ಬಂದ ಹೀರೋ ಈ ಬಂದೂಕು ಕಂಡು ಮನಸೋತಿದ್ದ. ಇಂಥ ನಲವತ್ತು ಅವನ ಮನೆಯ ಗೋಡೆಯಲ್ಲಿವೆಯಂತೆ. ಲೈಸೆನ್ಸಿನ ಕಾಗದಪತ್ರ ಮುಗಿದಿದ್ದವು. ಸಂಜೆ ಅವನ ಕೈಗೆ ಕೊಡುವುದು.

“೧೮೫೮ರ ನರಗುಂದದ ಬಂಡಾಯದಾಗ ಹಾರಿದ ಬಂದೂಕವಾ ಇದು. ಹೀರೋಗೂ ಹಂಗ ಹೇಳೀನಿ.”

ನಳಿಗೆಯ ಬುಡದಲ್ಲಿ ಕಂಪನಿಯ ಮುದ್ರೆ ೧೯೩೧ ಎನ್ನುತ್ತಿತ್ತು. ಮಹೇಶ್ವರಿಯ ಕಣ್ಣು ಬಂದೂಕಿನ ಕಟ್ಟಿಗೆಯ ಹಿಡಿಯ ಮೇಲೆ ನಿಂತುಬಿಟ್ಟಿತ್ತು. ಸೀಳಿದ ಹಿಡಿ, ಸೀಳಿಗೆ ಸುತ್ತಿದ ಹಿತ್ತಾಳೆಯ ಪಟ್ಟಿ.

ಆ ಪಟ್ಟಿಯ ಕಥೆ ಅವಳಿಗೆ ಗೊತ್ತಿತ್ತು. ಅರವತ್ತು ವರ್ಷದ ಹಿಂದೆ ಸಾವಕಾರರ ಅಪ್ಪ ಸಿದ್ದಾರೂಢಪ್ಪ ಗಜೇಂದ್ರಗಡದ ಗುಡ್ಡಕ್ಕೆ ಹಂದಿ ಬೇಟೆಗೆ ಹೋಗಿದ್ದ. ಹಲಗೆ ಬಡಿದು ಹಂದಿ ಎಬ್ಬಿಸಲು ಹೋದವನು ಸವಡಿಯ ಮೈಲಾರಪ್ಪ, ಮಹೇಶ್ವರಿಯ ಅಜ್ಜ. ಪೊದೆ ಅಲುಗಿತು, ಗುಂಡು ಹಾರಿತು, ಬಿದ್ದವನು ಮೈಲಾರಪ್ಪ. ಗಾಬರಿಯಲ್ಲಿ ಸಿದ್ದಾರೂಢಪ್ಪ ಬಂದೂಕನ್ನು ಬಂಡೆಗೆ ಒಗೆದ, ಹಿಡಿ ಸೀಳಿತು. ಹಂದಿ ತಿವಿದು ಸತ್ತ ಎಂದು ಊರೆಲ್ಲ ಸಾರಿದರು, ಪೊಲೀಸರ ಕಾಗದದಲ್ಲೂ ಹಾಗೇ ಬರೆಸಿದರು. ಹೆಣ ತೊಳೆದ ಹೆಂಡತಿ ಹೊಳೆವ್ವ ಮಾತ್ರ ಒಂದೇ ಏಟಿನ ಏಳು ಸೀಸದ ಗುಂಡು ತೆಗೆದು ಸುಣ್ಣದ ಡಬ್ಬಿಯಲ್ಲಿಟ್ಟಳು. “ಹಂದಿ ಹಲ್ಲಿನ್ಯಾಗ ಸೀಸ ಹುಟ್ಟತೈತೇನ?” ಎಂದು ಅವಳು ಕೇಳುತ್ತಲೇ ಇದ್ದಳು. ಊರು ಕೇಳಿಸಿಕೊಳ್ಳಲಿಲ್ಲ.

ಮಹೇಶ್ವರಿ ಆ ಹೊಳೆವ್ವನ ಮೊಮ್ಮಗಳೆಂದು ಸಾವಕಾರರಿಗೆ ಗೊತ್ತಿರಲಿಲ್ಲ. ಅವರು ಕೇಳಿರಲೂ ಇಲ್ಲ. ಹೆಸರು ಹಾಕುವವಳಿಗೆ ಯಾತರ ಹೆಸರು?

“ಪಾತ್ರಿ ಮ್ಯಾಲೆ ಹಾಕತೀಯಲ್ಲ, ಹಂಗ ಹಾಕು. ಯಾರಿಗೆ, ಯಾರಿಂದ, ಯಾತರ ನಿಮಿತ್ತ. ಪದ್ಧತಿ ತಪ್ಪಬಾರದು ನೋಡು.”

“ಪದ್ಧತಿ ತಪ್ಪಸೂದಿಲ್ರಿ,” ಎಂದಳು ಅವಳು.

ಆ ಕಸುಬಿಗೆ ಒಂದು ಕಟ್ಟಳೆ ಇತ್ತು. ಒಮ್ಮೆ ಕೊಟ್ಟ ಪಾತ್ರೆಯನ್ನು ಮತ್ತೊಬ್ಬರಿಗೆ ಕೊಡುವಾಗ ಮೊದಲ ಹೆಸರು ಅಳಿಸಬಾರದು. ಹೊಸದು ಅದರ ಕೆಳಗೆ. ಸಾವಕಾರರು ಫೋನು ಹಿಡಿದು ಪೆಂಡಾಲಿನವನನ್ನು ಬೈಯುತ್ತ ಅಂಗಳಕ್ಕಿಳಿದರು. ಕೆಲಸ ಕಳೆದುಕೊಂಡರೆ ಉಪವಾಸ ಬೀಳುವುದು ಎರಡು ಹೊಟ್ಟೆ, ತನ್ನದು, ಆಯಿ ಹೊಳೆವ್ವನದು. ಮಹೇಶ್ವರಿ ಮೊಣಕೈಯನ್ನು ಮೊಣಕಾಲಿಗೆ ಒತ್ತಿ, ಪೆನ್ನು ಊರಿದಳು. ಉಕ್ಕು ಚೀರಿತು.

ಸಾವಕಾರರು ಮರಳಿ ಬಂದು ಕನ್ನಡಕ ಏರಿಸಿದರು. ಓದಿದರು. ಹೀರೋನ ಮೀಸೆಗೆ ಅಂಟಿಕೊಂಡೇ ಎರಡು ಸಾಲು:

ಸವಡಿಯ ಮೈಲಾರಪ್ಪನಿಗೆ, ಬೆಳವಣಕಿಯ ಸಿದ್ದಾರೂಢಪ್ಪ ಇವರಿಂದ, ಹಂದಿ ಬೇಟೆಯ ನಿಮಿತ್ತ, ಗುಂಡು ಏಳು.

ವಜ್ರಕುಮಾರರಿಗೆ, ಪ್ರಭುಲಿಂಗಪ್ಪ ಇವರಿಂದ, ಪ್ರೀತಿಯ ನಿಮಿತ್ತ.

ಅವರ ಮುಖದ ರಕ್ತ ಇಳಿಯಿತು. “ಯಾರ ಮಗಳ ನೀ?”

“ಈಗ ಕೇಳಿದ್ರಲ್ರಿ. ಮೈಲಾರಪ್ಪನ ಮೊಮ್ಮಗಳು.”

“ಅಳಸು.”

“ಅಳಸೂದು ನಮ್ಮ ಕಸಬಿನಾಗಿಲ್ರಿ. ಅರದಿಂದ ತಿಕ್ಕಿದ್ರ ಹೀರೋನ ಮೀಸಿನೂ ಹೋಗತೈತಿ.”

ಅವರು ಪೆನ್ನನ್ನು ಕಿತ್ತುಕೊಂಡರು. “ಈ ತಾಲೂಕಿನ್ಯಾಗ ಒಂದು ಚಮಚದ ಮ್ಯಾಲೂ ನಿನ್ನ ಕೈ ಓಡಬಾರದು, ನಡಿ!”

ಅವಳು ಬಸ್ಸು ಹತ್ತುವ ಮುಂಚೆಯೇ ಅಂಗಡಿಯವನ ಫೋನು ಬಂತು. “ನಾಳೆಯಿಂದ ಬರಬ್ಯಾಡ ತಂಗಿ. ನಾನೂ ಇಲ್ಲೇ ಬಾಳೇ ಮಾಡಬೇಕಲ್ಲ.”

ಸಂಜೆ ಸವಡಿಯ ಎಲ್ಲರ ಫೋನಿನಲ್ಲೂ ಒಂದೇ ಫೋಟೊ. ಹೀರೋನ ಕೈಯಲ್ಲಿ ಬಂದೂಕು. ತಗಡು ಕಾಣದಂತೆ ದಪ್ಪನೆಯ ಚೆಂಡು ಹೂವಿನ ಹಾರ. ಕೆಳಗೆ ಲಕ್ಷಾಂತರ ಮಂದಿಯ ಮೆಚ್ಚುಗೆ. ಹಾರದಡಿ ಹೆಸರು ಉಳಿದಿದೆಯೋ, ಮುನಾವರನನ್ನು ಕರೆಸಿ ಅರದಿಂದ ಉಜ್ಜಿಸಿದರೋ, ಅವಳಿಗೆ ತಿಳಿಯಲಿಲ್ಲ.

ಹೊಳೆವ್ವ ಫೋನನ್ನು ಮೂಗಿನ ತನಕ ತಂದುಕೊಂಡಳು. “ನಿಮ್ಮಜ್ಜನ ಹೆಸರು ಕಾಣವಲ್ದಲ್ಲಬೇ.”

“ಹೂವಿನ ಬುಡಕೈತಿ, ಆಯಿ.”

“ಹೂವು ಬಾಡತಾವ. ಅಲ್ಲೀತನಕ ನಾ ಇರಬೇಕಲ್ಲ?” ಮುದುಕಿ ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಮೊಮ್ಮಗಳ ಮುಂದಿಟ್ಟಳು. “ಇದರ ಮ್ಯಾಲರ ಅವರ ಹೆಸರು ಹಾಕು.”

“ಪೆನ್ನು ಕಸಗೊಂಡಾರ, ಆಯಿ.”

“ಕರೆಂಟು ಬರೂಕಿಂತ ಮದಲ ಮಂದಿಗೆ ಹೆಸರ ಇರಲಿಲ್ಲೇನ?”

ಮಹೇಶ್ವರಿ ಗೋಡೆಯ ಮೊಳೆ ಕಿತ್ತಳು. ಹೊಸ್ತಿಲಲ್ಲಿ ಕೂತು ಮಸಾಲೆ ಅರೆಯುವ ಗುಂಡುಕಲ್ಲು ಹಿಡಿದು ಹಿತ್ತಾಳೆಯ ಮುಚ್ಚಳಕ್ಕೆ ಮೊಳೆ ಊರಿದಳು. ಟಕ್. ಒಂದು ಚುಕ್ಕೆ. ಟಕ್. ಇನ್ನೊಂದು. ಪ್ರತಿ ಏಟಿಗೂ ಒಳಗಿನ ಏಳು ಗುಂಡುಗಳು ಎದ್ದು ಬೀಳುವ ಸದ್ದು ಓಣಿಯ ಕೊನೆಯ ಮನೆಗೂ ಕೇಳುತ್ತಿತ್ತು.