ಅಮಾವಾಸ್ಯೆಯ ಭಟ್ಟಿ

“ಏ ಲಿಂಗಿ, ನಿಮ್ಮೌನ್, ಆ ಹೊಗಿ ನಿಂದರಿಸ್ತೀಯೋ, ಇಲ್ಲಾ ನಾನೇ ಬಂದು ಒಲಿಗೆ ಒಂದು ಕೊಡ ನೀರು ಸುರೀಲೋ?”

ಬೆಳಿಗ್ಗೆ ಒಂಬತ್ತಾಯಿತೆಂದರೆ ಕಾಂಪ್ಲೆಕ್ಸಿನ ಹಿಂದಿನ ಗೋಡೆಯ ಮೇಲೆ ಮ್ಯಾನೇಜರ್ ರಂಗನಾಥನ ತಲೆ ಮೂಡುತ್ತಿತ್ತು. ಗೋಡೆ ಎತ್ತರ, ಆಸಾಮಿ ಗಿಡ್ಡ. ಆ ಕಡೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹತ್ತುತ್ತಾನೆ ಅನ್ನುವುದು ಈ ಕಡೆಯವರಿಗೆಲ್ಲ ಗೊತ್ತಿತ್ತು. ಕುರ್ಚಿಯ ಕಾಲು ಕಿರ್ರೆಂದ ಕೂಡಲೇ ನಾಗಜ್ಯೋತಿ ತಲೆ ತಗ್ಗಿಸಿ ಬಾಣಲೆಯ ಉಸುಕಿನ ಮೇಲೆ ಕಣ್ಣು ನೆಡುತ್ತಿದ್ದಳು. ಅವಳ ಅವ್ವ ಲಿಂಗಕ್ಕ ಮಾತ್ರ ಒಲೆಯ ಬಾಯಿಗೆ ಇನ್ನೊಂದು ಹಿಡಿ ಶೇಂಗಾ ಹೊಟ್ಟು ತುರುಕಿ, ಆರಾಮಾಗಿ ತಲೆಯೆತ್ತುತ್ತಿದ್ದಳು.

“ಏನಾತ್ರಿ ರಂಗನಾಥಪ್ಪ?”

“ಏನಾತ್ರೀ ಅಂತ ಕೇಳ್ತಾಳ, ರಂಡಿ. ಸೀರಿ ಅಂಗಡ್ಯಾಗಿನ ಬೊಂಬಿಗೋಳ ಮಾರಿ ಎಲ್ಲಾ ಕರ್ರಗಾಗ್ಯಾವು.”

“ಪೌಡರ್ ಹಚ್ಚರಿ. ನೀವು ಹಚ್ಗಂತೀರಲ್ಲ, ಅದನ್ನೇ.”

ಸಾಲಿನ ಮೂರೂ ಮಂಡಕ್ಕಿ ಭಟ್ಟಿಗಳಲ್ಲಿ ನಗು ಹಾರುತ್ತಿತ್ತು. ರಂಗನಾಥ ಇನ್ನೆರಡು ಬೈಗುಳ ಎಸೆದು, ಹೋಗುವಾಗ ಮರೆಯದೆ ಗೋಡೆಯಾಚೆಯಿಂದ ಒಂದು ಚೀಲ ಇಳಿಬಿಡುತ್ತಿದ್ದ. ಅದರಲ್ಲಿ ಎರಡು ಸೇರು ಬಿಸಿ ಮಂಡಕ್ಕಿ ತುಂಬಿ ಕಳಿಸಬೇಕು, ಪುಕ್ಕಟೆ. ಹೊಗೆ ಬೇಡ, ಮಂಡಕ್ಕಿ ಬೇಕು.

ಆಂಧ್ರದ ಆದೋನಿಯಲ್ಲಿ ಆ ಜಾಗ ಮೊದಲು ಹತ್ತಿ ಮಿಲ್ಲಿನ ಅಂಗಳವಾಗಿತ್ತು. ಮಿಲ್ಲು ಹೋಗಿ ಕಾಂಪ್ಲೆಕ್ಸ್ ಬಂತು, ಹತ್ತಿ ಸಾಹುಕಾರ ಸಿದ್ದಲಿಂಗೇಶ್ ಕಾಂಪ್ಲೆಕ್ಸಿನ ಯಜಮಾನನಾದ. ಅದರ ಬೆನ್ನಿಗಂಟಿದ ಸರ್ಕಾರಿ ತುಂಡು ಜಾಗದಲ್ಲಿ ಮಂಡಕ್ಕಿ ಭಟ್ಟಿಗಳು ಮಾತ್ರ ಮಿಲ್ಲಿನ ಕಾಲದಿಂದಲೂ ಇದ್ದವು. ಭಟ್ಟಿಯ ಹಿಂದೆ ತಗಡಿನ ಕೋಣೆ, ಅದೇ ಮನೆ. ಲಿಂಗಕ್ಕ ಮದುವೆಯಾಗಿ ಬಂದಿದ್ದು ಅಲ್ಲಿಗೇ, ನಾಗಜ್ಯೋತಿ ಹುಟ್ಟಿದ್ದೂ ಅಲ್ಲೇ. ಏಳನೇ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ ಮೇಲೆ ಅವಳು ಶಾಲೆಯ ಚೀಲ ಗೂಟಕ್ಕೆ ಹಾಕಿ ಜರಡಿ ಹಿಡಿದಳು. ಈಗ ಇಪ್ಪತ್ತೊಂದು. ಉಪ್ಪು ಸವರಿದ ಅಕ್ಕಿಯನ್ನು ಕಾದ ಉಸುಕಿಗೆ ಸುರಿದು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅದು ಬಿಳಿ ಮೊಗ್ಗಿನಂತೆ ಅರಳುತ್ತದೆ. ಆ ಕ್ಷಣಕ್ಕೆ ಜರಡಿಗೆ ಎತ್ತಬೇಕು, ತಡವಾದರೆ ಕಪ್ಪು. ಹಾಗಾಗಿ ನೋಡುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಮಾತು ಬರುತ್ತಿರಲಿಲ್ಲ. ಗಿರಾಕಿ ಏನಾದರೂ ಕೇಳಿದರೆ ಅವ್ವನ ಕಡೆ ಕೈ ತೋರಿಸುತ್ತಿದ್ದಳು.

ಭಟ್ಟಿಗೆ ತಿಂಗಳಿಗೊಂದೇ ರಜೆ, ಅಮಾವಾಸ್ಯೆ. ಅವತ್ತು ಒಲೆಗೆ ಸಗಣಿ ಸಾರಿಸಿ, ಅರಿಶಿನ ಕುಂಕುಮ ಇಟ್ಟು, ಹೂವು ಏರಿಸಿ ಕೈ ಮುಗಿದರೆ ಮುಗಿಯಿತು, ಕಡ್ಡಿ ಗೀರುವಂತಿಲ್ಲ. ದಿನವಿಡೀ ಬೆಂಕಿ ಉಣ್ಣುವ ಒಲೆಗೂ ಒಂದು ದಿನ ಹೊಟ್ಟೆ ತಣ್ಣಗಿರಬೇಕು ಅನ್ನುವುದು ಸಾಲಿನ ಕಟ್ಟಳೆ.

ಆಫೀಸರು ಬಂದಿದ್ದು ಅಂಥ ಒಂದು ಅಮಾವಾಸ್ಯೆಯ ದಿನ.

ಮುನಿಸಿಪಾಲ್ಟಿಯ ಟೌನ್ ಪ್ಲಾನಿಂಗ್ ಆಫೀಸರ್ ಲಕ್ಷ್ಮಿಕಾಂತ್, ಇಸ್ತ್ರಿ ಅಂಗಿಯ ಮನುಷ್ಯ, ಮಾತೆಲ್ಲ ತೆಲುಗು. ಹಿಂದೆ ಟೇಪು ಹಿಡಿದ ರಂಗನಾಥ. ಆವತ್ತು ರಂಗನಾಥ ಗೋಡೆ ಹತ್ತಲಿಲ್ಲ, ಸುತ್ತು ಹಾಕಿ ದಾರಿಯಲ್ಲೇ ಬಂದ. ಬೈಯಲೂ ಇಲ್ಲ. ‘ಲಿಂಗಕ್ಕಾ’ ಎಂದು ಕರೆದ. ಅವನ ಬಾಯಲ್ಲಿ ಆ ‘ಅಕ್ಕ’ ಕೇಳಿದ್ದೇ ನಾಗಜ್ಯೋತಿ ಅವನ ಕೈಯ ಟೇಪಿನ ಮೇಲೆ ಕಣ್ಣು ನೆಟ್ಟಳು.

ಆಫೀಸರು ಹೂವು ಮುಡಿದ ಒಲೆಯನ್ನು ನೋಡಿ, ಬೂಟು ದೂರ ಇಟ್ಟುಕೊಂಡೇ ಕೇಳಿದ: “ಇಕ್ಕಡ ಮಂಟ ಪೆಡ್ತಾರಾ ಅಮ್ಮಾ?” ಇಲ್ಲಿ ಬೆಂಕಿ ಹಾಕುತ್ತೀರಾ ಅಂತ.

ಹಬ್ಬದ ಸೀರೆಯುಟ್ಟ ಲಿಂಗಕ್ಕ ಹೌಹಾರಿ ಗಲ್ಲ ಗಲ್ಲ ಬಡಿದುಕೊಂಡಳು. “ಲೇದು ಸಾರ್, ಲೇದು. ಇವತ್ತು ಹಚ್ಚಂಗೇ ಇಲ್ರಿ.”

ಆಫೀಸರು ಬರೆದುಕೊಂಡ. ಬರೆದಿದ್ದು ಒಂದೇ ಪದ, ಲೇದು, ಅಂದರೆ ಇಲ್ಲ. ಲಿಂಗಕ್ಕ ಇಬ್ಬರಿಗೂ ಬೆಲ್ಲ ಬೆರೆಸಿದ ಮಂಡಕ್ಕಿ ಪ್ರಸಾದ ಕೊಟ್ಟು ಕಳಿಸಿದಳು. ದೊಡ್ಡವರು ಬಂದು ಒಲೆಗೆ ಕೈ ಮುಗಿದು ಹೋದರು ಅಂತ ಸಂಜೆಯವರೆಗೂ ಸಾಲಿನಲ್ಲಿ ಹೇಳಿಕೊಂಡು ತಿರುಗಿದಳು.

ವಿಷಯ ಗೊತ್ತಾಗಿದ್ದು ಚಂದನಾಳಿಂದ. ಕಾಂಪ್ಲೆಕ್ಸಿನ ಕೆಳಗಡೆ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ನಾಗಜ್ಯೋತಿಯ ಜೊತೆ ಶಾಲೆಗೆ ಹೋದವಳು. ಸಾಹುಕಾರರು ಕಾಂಪ್ಲೆಕ್ಸಿನ ಹಿಂದಿನ ಮೂಲೆಯಲ್ಲಿ ಪೆಟ್ರೋಲ್ ಬಂಕು ತೆಗೆಯುತ್ತಾರಂತೆ. ಐವತ್ತು ಮೀಟರಿನೊಳಗೆ ಮನೆ ಇದ್ದರೆ, ಒಲೆ ಉರಿಯುತ್ತಿದ್ದರೆ ಪರ್ಮಿಷನ್ ಇಲ್ಲವಂತೆ. ಆಫೀಸರ ರಿಪೋರ್ಟು ರಂಗನಾಥನೇ ತಂದು ಜೆರಾಕ್ಸ್ ಮಾಡಿಸಿದ್ದ. ಪಾಳುಬಿದ್ದ ಮೂರು ಶೆಡ್ಡು, ಬೆಂಕಿ ಹಾಕುವುದಿಲ್ಲ, ಜನವಾಸ ಇಲ್ಲ ಅಂತ ಅದರಲ್ಲಿತ್ತು.

“ಬಂಕು ಬಂತಂದ್ರ ಮಾರನೇ ದಿನ ಬುಲ್ಡೋಜರ್ ಬರ್ತೈತಿ,” ಅಂದಳು ಚಂದನಾ. “ಪೆಟ್ರೋಲಿನ ಬಾಜೂಕ ಒಲಿ ಉರಸಾಕ ಬಿಡ್ತಾರೇನ?”

ಲಿಂಗಕ್ಕ ಮಗಳನ್ನು ಕರೆದುಕೊಂಡು ಮುನಿಸಿಪಾಲ್ಟಿಗೆ ಹೋದಳು. ತಕರಾರು ತೆಗೆದುಕೊಳ್ಳುವ ಕಿಟಕಿಯಲ್ಲಿ ಕೂತವನು ವಿಳಾಸ ಕೇಳಿದ. ಹೇಳಿದಳು. ಅವನು ಫೈಲು ತಿರುವಿ, ಅಲ್ಲಿ ಯಾರೂ ಇರುವುದಿಲ್ಲವಲ್ಲ ಅಂದ. ನಾನು ಇರ್ತೀನ್ರಿ ಅಂದಳು. ಇಲ್ಲ ಅಂತ ಬರೆದಿದೆ ಅಂದ. ಅವಳು ತನ್ನ ಎದೆ ಮುಟ್ಟಿ ತೋರಿಸಿದಳು, ಅವನು ಕಾಗದ ಮುಟ್ಟಿ ತೋರಿಸಿದ. ಹಿಂದೆ ನಿಂತವರು ಜರುಗಮ್ಮಾ ಜರುಗು ಅಂತ ಪಕ್ಕಕ್ಕೆ ತಳ್ಳಿದರು.

ಮನೆಗೆ ಬಂದವಳೇ ನಾಗಜ್ಯೋತಿ ಅಟ್ಟದ ಮೇಲಿನ ಬಿಸ್ಕೀಟಿನ ಡಬ್ಬಿ ಇಳಿಸಿದಳು. ಅದರಲ್ಲಿ ಮುನಿಸಿಪಾಲ್ಟಿಯಿಂದ ಬಂದ ನೋಟೀಸುಗಳಿದ್ದವು, ಒಟ್ಟು ಹನ್ನೊಂದು. ಹೊಗೆಯ ಬಗ್ಗೆ ಸಿದ್ದಲಿಂಗೇಶ್ ಕೊಟ್ಟ ದೂರುಗಳಿಗೆ ಬಂದವು. ಪ್ರತಿ ನೋಟೀಸಿನ ಬೆನ್ನಿಗೂ ಅವನ ದೂರಿನ ನಕಲು, ಅದರ ಕೆಳಗೆ ಸಹಿ, ದುಂಡನೆಯ ಸೀಲು. ಶಾಲೆಯಲ್ಲಿ ಕಲಿತ ತೆಲುಗಿನಲ್ಲಿ ಅವಳು ಬೆರಳಿಟ್ಟು ಓದಿದಳು. ‘ಸದರಿ ಭಟ್ಟಿಗಳಲ್ಲಿ ಹಗಲಿರುಳೂ ಬೆಂಕಿ ಉರಿಯುತ್ತಿದ್ದು, ನಮ್ಮ ಗೋಡೆಗೆ ಕೇವಲ ಹತ್ತು ಅಡಿ ದೂರದಲ್ಲಿ ಕುಟುಂಬಗಳು ವಾಸವಾಗಿದ್ದು...’

ಓದಿ ಮುಗಿಸಿ, ಆ ಕಾಗದ ಹಿಡಿದು, ಮೊದಲ ಸಲ ಯಾರೂ ಹೇಳದೆ ತಾನಾಗಿ ಚಂದನಾಳ ಅಂಗಡಿಗೆ ನಡೆದಳು.

ಸಭೆ ನಡೆದಿದ್ದು ಕಾಂಪ್ಲೆಕ್ಸಿನ ಮುಂದೆ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ, ಶಾಮಿಯಾನದ ಕೆಳಗೆ. ಬಂಕಿನ ಬಗ್ಗೆ ಜನರ ಅಹವಾಲು ಕೇಳುವ ಸಭೆ ಅಂತ ಬ್ಯಾನರು ಕಟ್ಟಿದ್ದರು. ಅಂಗಡಿಯವರಿಗೆ, ಹತ್ತಿ ದಲಾಲರಿಗೆ ಕುರ್ಚಿ. ಭಟ್ಟಿಯವರಿಗೆ ಸ್ಕೂಟರುಗಳ ಸಂದಿ. ಬಂದವರ ಬಾಯಾಡಿಸಲಿಕ್ಕೆ ಒಗ್ಗರಣೆ ಮಂಡಕ್ಕಿ ಕಳಿಸು ಅಂತ ರಂಗನಾಥ ಹಿಂದಿನ ದಿನವೇ ಗೋಡೆ ಹತ್ತಿ ಅಪ್ಪಣೆ ಮಾಡಿದ್ದ. ಇಲ್ಲದ ಭಟ್ಟಿಯಿಂದ ನಲವತ್ತು ಪೊಟ್ಟಣ.

ಲಕ್ಷ್ಮಿಕಾಂತ್ ರಿಪೋರ್ಟು ಓದಿದ. ಪಾಳು ಶೆಡ್ಡು, ಬೆಂಕಿ ಲೇದು, ಜನ ಲೇದು. ಆಕ್ಷೇಪಣೆ ಯಾರದಾದರೂ ಇದೆಯೇ ಅಂತ ಕೇಳಿದ್ದೇ ತಡ, ಲಿಂಗಕ್ಕ ಸ್ಕೂಟರುಗಳ ನಡುವಿನಿಂದ ಕೈಯೆತ್ತಿದಳು.

“ಸಾರ್, ನಾವು ಅಲ್ಲೇ ಇರ್ತೀವ್ರಿ. ನಮ್ಮ ಒಲಿ ದಿನಾ ಉರಿತೈತಿ.”

ಸಿದ್ದಲಿಂಗೇಶ್ ಹಣೆ ತುಂಬ ವಿಭೂತಿ ಬಳಿದುಕೊಂಡ, ದನಿ ಏರಿಸದ ಮನುಷ್ಯ. ಬೈಯುವ ಕೆಲಸ ರಂಗನಾಥನಿಗೆ ವಹಿಸಿದ್ದ. ಅವನು ಲಿಂಗಕ್ಕನ ಕಡೆ ನೋಡಲೂ ಇಲ್ಲ.

“ತಪ್ಪು ತಿಳೀಬ್ಯಾಡ್ರಿ ಸಾರ್,” ಅಂದ. “ಇವರು ಹಿಂಗೇ. ಎಲ್ಲಿ ಶಾಮಿಯಾನ ಕಂಡ್ರೂ ಊಟ ಐತೇನೋ ಅಂತ ಬಂದು ನಿಂದರ್ತಾರ. ಪಾಪ, ಏನರ ಉಳಿದ್ರ ಕೊಟ್ಟು ಕಳಿಸಾಣ.”

ಕುರ್ಚಿಗಳೆಲ್ಲ ನಕ್ಕವು. ಲಿಂಗಕ್ಕನ ಎತ್ತಿದ ಕೈ ಎಲ್ಲಿಡಬೇಕೆಂದು ತಿಳಿಯದೆ ಯಾವುದೋ ಸ್ಕೂಟರಿನ ಸೀಟಿನ ಮೇಲೆ ಇಳಿಯಿತು. “ಸೀಟು ಮುಟ್ಟಬ್ಯಾಡ” ಅಂದ ಸ್ಕೂಟರಿನವನು.

ಅಷ್ಟರಲ್ಲಿ ನಾಗಜ್ಯೋತಿ ಬುಟ್ಟಿ ಹೊತ್ತು ಒಳಗೆ ಬಂದಿದ್ದಳು. ತಲೆಯೆತ್ತಲಿಲ್ಲ. ಸಾಲು ಹಿಡಿದು, ಒಬ್ಬೊಬ್ಬರ ಕೈಗೆ ಒಂದೊಂದು ಪೊಟ್ಟಣ ಕೊಡುತ್ತ ಹೋದಳು. ಮೊದಲನೆಯದು ಆಫೀಸರಿಗೆ, ಎರಡನೆಯದು ಸಾಹುಕಾರರಿಗೆ. ಒಗ್ಗರಣೆಗೆ ಅವಳು ಅವತ್ತು ಹಸಿಮೆಣಸಿನಕಾಯಿ ಜಾಸ್ತಿ ಹಾಕಿದ್ದಳು, ಹುರಿಗಡಲೆ ಪುಡಿಯನ್ನೂ ಕೈ ಬಿಚ್ಚಿ ಉದುರಿಸಿದ್ದಳು. ಮಂದಿ ಮಾತು ಬಿಟ್ಟು ತಿಂದರು. ಮಂಡಕ್ಕಿ ತಿನ್ನುವವರು ಕೊನೆಗೆ ಪೊಟ್ಟಣ ಬಿಚ್ಚಿ ತಳದ ಶೇಂಗಾ ಹೆಕ್ಕುತ್ತಾರೆ. ಕಾಗದ ಕಂಡ ಮೇಲೆ ಓದದೆ ಬಿಡುವವರು ಯಾರು?

ಮೊದಲು ಒಬ್ಬ ದಲಾಲ ನಕ್ಕ. ಆಮೇಲೆ ಔಷಧಿ ಅಂಗಡಿಯವನು ಪಕ್ಕದವನ ಕಾಗದಕ್ಕೆ ತನ್ನದನ್ನು ಹೋಲಿಸಿ ನೋಡಿದ. ನಲವತ್ತು ಪೊಟ್ಟಣದ ಕಾಗದದಲ್ಲೂ ಅದೇ ದೂರಿನ ಜೆರಾಕ್ಸ್, ಅದೇ ಸಹಿ, ಅದೇ ದುಂಡನೆಯ ಸೀಲು. ಹಗಲಿರುಳೂ ಬೆಂಕಿ, ಹತ್ತು ಅಡಿ ದೂರ, ಕುಟುಂಬಗಳು. ಯಾರೋ ಹಿಂದಿನಿಂದ ಗಟ್ಟಿಯಾಗಿ ಓದಿಯೂಬಿಟ್ಟರು.

ಲಕ್ಷ್ಮಿಕಾಂತ್ ಎಣ್ಣೆ ಹತ್ತಿದ ಕಾಗದವನ್ನು ಎರಡು ಸಲ ಓದಿದ. ತಾರೀಖು ನೋಡಿದ. ಕಳೆದ ತಿಂಗಳಿನದು.

“ಸಿದ್ದಲಿಂಗೇಶ್ ಗಾರು,” ಅಂದ, “ಇದಿ ಮೀ ಸಂತಕಮೇನಾ?” ಇದು ನಿಮ್ಮ ಸಹಿನಾ ಅಂತ.

ಸಾಹುಕಾರ ಬಾಯಲ್ಲಿದ್ದ ಮಂಡಕ್ಕಿಯನ್ನು ಬಹಳ ಹೊತ್ತು ಅಗಿದ. ಹೊಗೆ ಬರುತ್ತಿತ್ತು, ಈಗ ಬರುವುದಿಲ್ಲ ಅಂದ. ಆಫೀಸರು ಕಾಗದ ಮಡಚಿ ಫೈಲಿಗೆ ಹಾಕಿದ. ಇನ್ನೊಮ್ಮೆ ಜಾಗ ನೋಡಬೇಕಾಗುತ್ತದೆ, ಬೆಂಕಿ ಕಂಡರೆ ಒಂದು ರಿಪೋರ್ಟು, ಕಾಣದಿದ್ದರೆ ಇದೇ ರಿಪೋರ್ಟು, ಅದೇ ಕೊನೆ ಅಂದ. ಯಾವತ್ತು ಬರಲಿ ಅಂತ ಸಾಹುಕಾರರನ್ನೇ ಕೇಳಿದ.

ರಂಗನಾಥ ಸಾಹುಕಾರರ ಹಿಂದೆ ನಿಂತು ಬೆರಳ ಗೆಣ್ಣು ಎಣಿಸುತ್ತಿದ್ದದ್ದನ್ನು ಶಾಮಿಯಾನದಲ್ಲಿ ನಾಗಜ್ಯೋತಿ ಒಬ್ಬಳೇ ನೋಡಿದಳು. ಅವನು ಬಗ್ಗಿ ಕಿವಿಯಲ್ಲಿ ಏನೋ ಹೇಳಿದ.

“ಶುಕ್ರವಾರ ಇಟ್ಕೊಳ್ರಿ ಸಾರ್,” ಅಂದ ಸಿದ್ದಲಿಂಗೇಶ್.

ನಾಗಜ್ಯೋತಿಯೂ ಖಾಲಿ ಬುಟ್ಟಿಯ ಕೆಳಗೆ ಗೆಣ್ಣು ಎಣಿಸಿದಳು. ಶುಕ್ರವಾರ ಅಮಾವಾಸ್ಯೆ.

ಆ ವಾರವೆಲ್ಲ ತಗಡಿನ ಕೋಣೆಯಲ್ಲಿ ಜಗಳ. ಅಮಾವಾಸ್ಯೆಯ ದಿನವೇ ಹಚ್ಚೋಣ ಅಂತ ಮಗಳು, ನಾಲಿಗೆ ಸೀಳ್ತೀನಿ ಅಂತ ತಾಯಿ. ಸಾಲಿನ ಉಳಿದ ಇಬ್ಬರೂ ಲಿಂಗಕ್ಕ ಹೇಳಿದಂತೆ ಅಂದರು. “ನಿಮ್ಮಪ್ಪ ಸತ್ತ ದಿನಾನೂ ಒಲಿ ಹಚ್ಚೀನಿ,” ಅಂದಳು ಲಿಂಗಕ್ಕ, “ಅಮಾಸಿಗೆ ಹಚ್ಚಿಲ್ಲ.” ನಾಗಜ್ಯೋತಿ ಬಾಣಲೆಯನ್ನು ಒಂದಿಷ್ಟು ಜೋರಾಗಿಯೇ ಇಳಿಸಿದಳು.

ಶುಕ್ರವಾರ ಬೆಳಿಗ್ಗೆ ಲಿಂಗಕ್ಕ ಎಂದಿನಂತೆ ಸಾರಿಸಿದಳು, ಕುಂಕುಮ ಇಟ್ಟಳು, ಚೆಂಡುಹೂವಿನ ಮಾಲೆ ಏರಿಸಿದಳು. ಹಬ್ಬದ ಸೀರೆಯುಟ್ಟು ಹೊಸ್ತಿಲ ಮೇಲೆ ಕೂತಳು. ನಾಗಜ್ಯೋತಿ ಒಂದು ಬುಟ್ಟಿ ಶೇಂಗಾ ಹೊಟ್ಟು ತಂದು ಒಲೆಯ ಮುಂದೆ ಇಟ್ಟಳು. ತಾಯಿ ನೋಡಿದಳು. ಮಗಳು ಬಾಣಲೆಗೆ ಉಸುಕು ಸುರಿದಳು. ಕಾಂಪ್ಲೆಕ್ಸಿನ ಮುಂದುಗಡೆ ಜೀಪಿನ ಹಾರ್ನು ಕೇಳಿಸಿತು. ನಾಗಜ್ಯೋತಿ ಕಡ್ಡಿಪೆಟ್ಟಿಗೆ ತೆಗೆದಳು.

“ತಾ ಇಲ್ಲಿ,” ಅಂದಳು ಲಿಂಗಕ್ಕ. ಎದ್ದು ಬಂದು ಕಿತ್ತುಕೊಂಡಳು. “ನೀನು ಇನ್ನಾ ಬಾಳಿ ಬದುಕಾಕಿ. ಪಾಪ ಬರೋದಿದ್ರ ನನಗ ಬರ್ಲಿ.”

ಒಲೆಯ ಹಣೆಯಿಂದ ಹೂವಿನ ಮಾಲೆ ತೆಗೆದು ಮಗಳ ಕೈಗೆ ಕೊಟ್ಟಳು. ಕುಕ್ಕರಗಾಲಲ್ಲಿ ಕೂತು, ಒಲೆಯ ಬಾಯಿಗೆ ಬಾಯಿ ಹತ್ತಿರ ತಂದು, ನೆಗಡಿ ಬಂದ ಕೂಸಿಗೆ ಹೇಳುವಂತೆ ಹೇಳಿದಳು:

“ಇವತ್ತೊಂದಿನ ಓವರ್‌ಟೈಮ್ ಮಾಡವ್ವ. ಮುಂದಿನ ಅಮಾಸಿಗೆ ಎರಡು ದಿನ ರಜಾ ಕೊಡ್ತೀನಿ.”

ಕಡ್ಡಿ ಗೀರಿದಳು.

ಹೊಟ್ಟು ಹೊತ್ತಿತು. ಸಾರಿಸಿದ ಸಗಣಿ ಇನ್ನೂ ಹಸಿ, ಹೊಗೆ ದಪ್ಪವಾಗಿ ಎದ್ದು ನೇರ ಗೋಡೆಯ ಕಡೆ ತಿರುಗಿತು. ಪಕ್ಕದ ಎರಡು ಭಟ್ಟಿಯವರು ಒಂದು ಗಳಿಗೆ ನಿಂತು ನೋಡಿ, ತಮ್ಮ ತಮ್ಮ ಮಾಲೆಗಳನ್ನೂ ಇಳಿಸತೊಡಗಿದರು.

ಗೋಡೆಯಾಚೆ ಕುರ್ಚಿಯ ಕಾಲು ಕಿರ್ರೆಂದಿತು. ರಂಗನಾಥನ ತಲೆ ಮೂಡಿತು. ಹೊಗೆ ಮೂಗಿಗೆ ಬಡಿದದ್ದೇ ದಿನದ ಅಭ್ಯಾಸದಂತೆ ಬಾಯಿ ತೆರೆಯಿತು. “ಏ ಲಿಂಗಿ, ನಿಮ್ಮೌ...” ಅಷ್ಟಕ್ಕೇ ನಿಂತಿತು. ಅವನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಕಿರ್ರೆಂದು, ಗೋಡೆಯ ಮೇಲೆ ಆಫೀಸರ ತಲೆಯೂ ಮೂಡಿತ್ತು. ಲಕ್ಷ್ಮಿಕಾಂತ್ ಕೆಮ್ಮುತ್ತ ಜೇಬಿನ ಪೆನ್ನಿಗೆ ಕೈ ಹಾಕಿದ, ಹಾಕಿ ಹಾಗೇ ನಿಂತ. ಅದನ್ನು ತೆಗೆಯುತ್ತಾನೋ ಬಿಡುತ್ತಾನೋ ಹೇಳುವಂತಿರಲಿಲ್ಲ.

ಉಸುಕು ಕಾದಿತ್ತು. ನಾಗಜ್ಯೋತಿ ಒಂದು ಬೊಗಸೆ ಅಕ್ಕಿ ಸುರಿದಳು, ಚಟಪಟ ಎದ್ದ ಸದ್ದಿನ ನಡುವೆ ತಲೆಯೆತ್ತಿದಳು.

“ಬೈರಿ ರಂಗನಾಥಪ್ಪ,” ಅಂದಳು, ಮೂರು ಭಟ್ಟಿಗೂ ಗೋಡೆಯಾಚೆಗೂ ಕೇಳುವಷ್ಟು ಗಟ್ಟಿಯಾಗಿ. “ದಿನಾ ಈ ಹೊಗಿಗೆ ಬೈತೀರಿ. ಇವತ್ಯಾಕ ಸುಮ್ಮನಾದ್ರಿ?”